ಬೆಳ್ಳಿ, ಚುಕ್ಕಿ, ಮೀನು: ಗಡಿನಾಡಿನ ಬಾನಿನ ಮಾತುಗಳು

ಅಂಚೆಟ್ಟಿಯಿಂದ ಹೊಗೇನಕಲ್ಲಿನ ಕಡೆಗೆ ಸಾಗುವ ಕಾಡುದಾರಿಯಲ್ಲಿ ನಮ್ಮ ನಾಟ್ರಾಂಪಾಳ್ಯವಿದೆ. ಸುತ್ತಲೂ ಗುಡ್ಡಗಳು, ಅವುಗಳ ಆಚೆಗೆ ಕಾವೇರಿ, ಹೊಳೆಯಾಚೆ ಮಲೆ ಮಹದೇಶ್ವರನ ಬೆಟ್ಟಸಾಲು. ಹೊಸೂರಿನಲ್ಲಿ ಕಾರ್ಖಾನೆಗಳ ದೀಪಗಳು ಬೆಳಗತೊಡಗಿದ ಮೇಲೆ ಅಲ್ಲಿನ ಬಾನು ಮಸುಕಾಯಿತು. ಈ ಭಾಗದಲ್ಲಾದರೋ ಅಮಾವಾಸ್ಯೆಯ ಇರುಳಿನಲ್ಲಿ ಇಂದಿಗೂ ಆಕಾಶ ತುಂಬಿ ಕಾಣುತ್ತದೆ. ಕಾಣುವ ಆಕಾಶ ಉಳಿದಿದೆ, ಆದರೆ ಅದನ್ನು ಕರೆಯುವ ಮಾತುಗಳು ಉಳಿದಿವೆಯೇ ಎಂಬ ಪ್ರಶ್ನೆ ನಮ್ಮನ್ನು ಕಾಡಿದೆ. ನಕ್ಷತ್ರಗಳಿಗೂ ಅವುಗಳ ಬೆಳಕಿಗೂ ನಮ್ಮ ಹಿರಿಯರು ಇಟ್ಟ ಹೆಸರುಗಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ನೆಪದಲ್ಲಿ ಒಮ್ಮೆ ನೋಡೋಣ.

ಮೊದಲನೆಯದು 'ಚುಕ್ಕಿ'. ಮನೆಯಂಗಳದ ರಂಗೋಲಿಗೆ ಇಡುವುದೂ ಚುಕ್ಕಿ, ಬಾನಿನಲ್ಲಿ ಮೂಡುವುದೂ ಚುಕ್ಕಿ. ನೆರೆಯ ತೆಲುಗರೂ ನಕ್ಷತ್ರವನ್ನು 'ಚುಕ್ಕ' ಎಂದೇ ಕರೆಯುತ್ತಾರೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಸೀಮೆಯಲ್ಲಿ ಈ ಮಾತಿಗೆ ಅನುವಾದವೇ ಬೇಕಾಗಿಲ್ಲ.

ಎರಡನೆಯದು 'ಬೆಳ್ಳಿ'. ಗಡಿಯಾರವಿಲ್ಲದ ಕಾಲದಲ್ಲಿ ಆರು ಕಟ್ಟುವವರೂ ದಾರಿ ಹಿಡಿಯುವವರೂ 'ಬೆಳ್ಳಿ ಮೂಡಿತು' ಎಂದು ಎದ್ದು ಹೊರಡುತ್ತಿದ್ದರು. ಈ ಬೆಳ್ಳಿ ಲೋಹವಲ್ಲ, ಶುಕ್ರಗ್ರಹ. 'ಬೆಳ್' ಎಂಬ ಒಂದೇ ಬೇರಿನಿಂದ ಬಿಳಿ, ಬೆಳಕು, ಬೆಳಗು, ಬೆಳದಿಂಗಳು, ಬೆಳ್ಳಿ ಎಲ್ಲವೂ ಹುಟ್ಟಿವೆ. ತಮಿಳಿನ ವಕಾರ ಅನೇಕ ಪದಗಳಲ್ಲಿ ಕನ್ನಡದ ಬಕಾರಕ್ಕೆ ಸಮನಾಗಿರುವುದರಿಂದ ಅಲ್ಲಿ ಇದೇ ಪದ 'ವೆಳ್ಳಿ'. ತಮಿಳರು ಶುಕ್ರವಾರವನ್ನು 'ವೆಳ್ಳಿಕ್ಕಿಳಮೈ' ಎನ್ನುವಾಗ ನಮ್ಮ ಬೆಳ್ಳಿಯನ್ನೇ ಹೆಸರಿಸುತ್ತಾರೆ. ವಾರದ ಹೆಸರಿಗೆ ನಾವು ಸಂಸ್ಕೃತದ ಶುಕ್ರನನ್ನು ಕರೆದೆವು; ಬೆಳಗಿನ ಜಾವಕ್ಕೆ ಮಾತ್ರ ಬೆಳ್ಳಿಯನ್ನು ಉಳಿಸಿಕೊಂಡೆವು.

ಮೂರನೆಯ ಪದದ ಕಥೆ ಇನ್ನೂ ಹಳೆಯದು. ತಮಿಳಿನಲ್ಲಿ 'ಮೀನ್' ಎಂದರೆ ಜಲಚರವೂ ಹೌದು, ನಕ್ಷತ್ರವೂ ಹೌದು. ಬಾನಿನದನ್ನು ಬೇರೆಯಾಗಿ ಹೇಳಬೇಕಾದಾಗ 'ವಿಣ್ಮೀನ್' ಎನ್ನುವರು. ಕೃತ್ತಿಕೆಯ ಆರು ತಾರೆಗಳ ಗೊಂಚಲಿಗೆ ಪ್ರಾಚೀನ ತಮಿಳಿನ ಹೆಸರು 'ಅಱುಮೀನ್'. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಪದೇ ಪದೇ ಬರುವ ಮೀನಿನ ಚಿಹ್ನೆಯನ್ನು ನಕ್ಷತ್ರವೆಂದು ಓದಬಹುದೆಂದು ಫಾದರ್ ಹೇರಾಸ್ ಸೂಚಿಸಿದ್ದೂ, ಫಿನ್ಲೆಂಡಿನ ವಿದ್ವಾಂಸ ಆಸ್ಕೋ ಪರ್ಪೋಲಾ ಆ ವಿಚಾರವನ್ನು ವಿಸ್ತರಿಸಿದ್ದೂ ಈ ಎರಡು ಅರ್ಥಗಳ ಆಧಾರದಿಂದಲೇ. ಆ ಲಿಪಿ ಇನ್ನೂ ಸರ್ವಸಮ್ಮತವಾಗಿ ಬಿಡಿಸಿಲ್ಲವಾದ್ದರಿಂದ ಇದು ಊಹೆಯಾಗಿಯೇ ನಿಂತಿದೆ. ಆದರೆ 'ಮಿನ್' ಎಂಬ ಬೇರು ನಮ್ಮದೂ ಹೌದು ಎಂಬುದಕ್ಕೆ ಊಹೆ ಬೇಡ. ಮಿನುಗು, ಮಿಂಚು, ಮಿಣುಕು, ಮಿಂಚುಹುಳು ಎಲ್ಲವೂ ಆ ಬಳಗದವು. ಇಂದಿನ ಆಡುಗನ್ನಡದಲ್ಲಿ ಮೀನು ನೀರಿಗಿಳಿಯಿತು, ಮಿನುಗು ಬಾನಿನಲ್ಲಿ ಉಳಿಯಿತು. ಕನ್ನಡದಲ್ಲಿ ಅಗಲಿದ ಈ ಎರಡು ಪದಗಳ ನಂಟು ತಮಿಳಿನ ನೆರೆಯಲ್ಲಿ ಬಾಳುವ ನಮಗೆ ದಿನವೂ ಕಿವಿಗೆ ಬೀಳುತ್ತದೆ.

ಸಂಸ್ಕೃತದಿಂದ ಬಂದ ಪದಗಳನ್ನೂ ನಾವು ಅಷ್ಟೇ ಪ್ರೀತಿಯಿಂದ ಬಳಸಿದ್ದೇವೆ. ಕ್ಷಯವಿಲ್ಲದ್ದು ಎಂಬ ಅರ್ಥದಲ್ಲಿ 'ನಕ್ಷತ್ರ' ಪದವನ್ನು ಬಿಡಿಸುವುದು ಒಂದು ಸಾಂಪ್ರದಾಯಿಕ ನಿರ್ವಚನ. 'ತಾರಾ' ಪದವು ಗ್ರೀಕರ 'ಆಸ್ಟರ್', ಇಂಗ್ಲಿಷಿನ 'ಸ್ಟಾರ್'ಗಳ ಬಂಧುವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. 'ಉಡು' ಎಂದರೆ ನಕ್ಷತ್ರ, 'ಉಡುಪತಿ' ಎಂದರೆ ಚಂದ್ರ. ಉಡುಪಿಯ ಹೆಸರನ್ನು ಇದಕ್ಕೆ ಜೋಡಿಸುವ ಸ್ಥಳಪುರಾಣವನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ.

ನಕ್ಷತ್ರದ ಈ ಕ್ಷಯವಿಲ್ಲದ ಗುಣವನ್ನು ಶಾಸನಗಳು ಚೆನ್ನಾಗಿ ಬಳಸಿಕೊಂಡವು. ದತ್ತಿ ಎಷ್ಟು ಕಾಲ ನಡೆಯಬೇಕೆಂದು ಹೇಳುವಾಗ ಕನ್ನಡದ ಕಲ್ಲುಗಳು 'ಆಚಂದ್ರಾರ್ಕತಾರಂಬರಂ' ಎನ್ನುತ್ತವೆ. ಅಂದರೆ ಚಂದ್ರ, ಸೂರ್ಯ, ತಾರೆಗಳು ಇರುವವರೆಗೆ. ತಮಿಳು ಕಲ್ಲುಗಳು 'ಚಂದಿರಾದಿತ್ತವರೈ' ಎನ್ನುತ್ತವೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ಕೃಷ್ಣಗಿರಿಯ ಬಳಿಯ ಕುಂದಾಣಿಯಿಂದ ಆಳಿದ ನಾಡು ನಮ್ಮದು. ಎರಡೂ ಭಾಷೆಗಳ ಕಲ್ಲುಗಳು ಒಂದೇ ಬಾನನ್ನು ಸಾಕ್ಷಿಗೆ ಕರೆದದ್ದು ನಮಗೆ ಹೊಸದಲ್ಲ. ವೀರಗಲ್ಲುಗಳ ತುದಿಯಲ್ಲಿ ಕೆತ್ತಿದ ಸೂರ್ಯಚಂದ್ರರೂ ಇದೇ ಮಾತನ್ನು ಓದುಬಾರದವರಿಗೂ ತಿಳಿಯುವಂತೆ ಹೇಳುತ್ತಾರೆ.

ಶಾಸನದಿಂದ ಹೊಲಕ್ಕೆ ಬಂದರೆ ನಕ್ಷತ್ರಗಳು ಮಳೆಗಳಾಗುತ್ತವೆ. ಭರಣಿ, ರೋಹಿಣಿ, ಆರಿದ್ರೆ, ಮಘೆ, ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿ: ರೈತನ ಬಾಯಲ್ಲಿ ಸವೆದು ನುಣುಪಾದ ಹೆಸರುಗಳಿವು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆಯನ್ನು ಕೇಳದ ಮನೆ ಕಡಿಮೆ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದನ್ನು ಹಾಯಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಹಿಡಿದಾಗ ಸೂರ್ಯನು ಆ ನಕ್ಷತ್ರದ ಬಳಿಯೇ ಇರುತ್ತಾನೆ. ಕೆಂಬಣ್ಣದ ರೋಹಿಣಿ ಹಗಲ ಬೆಳಕಿನಲ್ಲಿ ಮುಳುಗಿ, ಇರುಳೆಲ್ಲ ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ಎಂದರೆ, ರೈತನು ರೋಹಿಣಿಯ ಹೆಸರನ್ನು ಹೆಚ್ಚು ಹೇಳುವ ದಿನಗಳಲ್ಲೇ ರೋಹಿಣಿ ಕಾಣುವುದಿಲ್ಲ. ಕಾಣದ ತಾರೆಯನ್ನು ಲೆಕ್ಕದಲ್ಲಿ ಹಿಡಿದಿಟ್ಟದ್ದು ಹೆಸರು.

ತಿಂಗಳ ಹೆಸರುಗಳಲ್ಲೂ ತಾರೆಗಳೇ ಇವೆ. ಹುಣ್ಣಿಮೆಯ ಚಂದ್ರನು ಚಿತ್ತಾ ನಕ್ಷತ್ರದ ಬಳಿ ಇರುವ ತಿಂಗಳು ನಮಗೆ ಚೈತ್ರ. ಅದೇ ನಕ್ಷತ್ರದ ಹೆಸರು ಹೊತ್ತ ತಮಿಳರ ಸೌರಮಾಸ ಚಿತ್ತಿರೈ. ಎರಡು ಪಂಚಾಂಗಗಳೂ ನೇತಾಡುವ ನಮ್ಮ ಮನೆಗಳ ಗೋಡೆಗಳಲ್ಲಿ ಯುಗಾದಿಯೂ ಚಿತ್ತಿರೈ ಒಂದನೆಯ ದಿನವೂ ನೆರೆಹೊರೆಯಾಗಿವೆ. ತಿರುವಣ್ಣಾಮಲೆಯ ಬೆಟ್ಟದ ಮೇಲೆ ಕಾರ್ತಿಕ ದೀಪ ಹೊತ್ತುವ ಸಂಜೆ ನಮ್ಮ ಹೊಸ್ತಿಲುಗಳಲ್ಲೂ ಹಣತೆ ಬೆಳಗುತ್ತದೆ.

ಇನ್ನು ತಾರೆಗಳ ಬೆಳಕನ್ನು ಅಳೆದ ಕಥೆ. ಗ್ರೀಕರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಕಾಂತಿಗನುಗುಣವಾಗಿ ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಕನ್ನಡದ ವಿಜ್ಞಾನ ಬರಹಗಾರರು ಈ ಅಳತೆಗೆ 'ಕಾಂತಿಮಾನ' ಎಂಬ ಸೊಗಸಾದ ಹೆಸರು ಕೊಟ್ಟಿದ್ದಾರೆ. 1856ರಲ್ಲಿ ನಾರ್ಮನ್ ಪಾಗ್ಸನ್ ಎಂಬ ಇಂಗ್ಲಿಷ್ ಖಗೋಳಜ್ಞನು ಐದು ದರ್ಜೆಗಳ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟು ಎಂಬ ನಿಯಮವನ್ನು ಸೂಚಿಸಿದನು. ಇಂದಿಗೂ ಲೋಕವೆಲ್ಲ ಬಳಸುವುದು ಅದನ್ನೇ. ಈ ಪಾಗ್ಸನ್ 1861ರಿಂದ 1891ರಲ್ಲಿ ತೀರಿಕೊಳ್ಳುವವರೆಗೂ ನಮ್ಮ ಮದರಾಸಿನ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದನು. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿ ಕೀರ್ತಿ ಪಡೆದರು.

ನಮಗೆ ಹೆಚ್ಚು ಹತ್ತಿರದ ವಿಷಯ ಮುಂದಿನದು. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಈ ಅಪರೂಪದ ಸಂಕ್ರಮಣವನ್ನು ಜನರಿಗೆ ತಿಳಿಸಲು ರಘುನಾಥಾಚಾರಿಯವರು ಬರೆದ ಪುಸ್ತಿಕೆ ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟವಾಯಿತು. ಆಗ ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳಂತೆ ಸೇಲಂ ಜಿಲ್ಲೆಯ ನಮ್ಮ ಹೊಸೂರು ಸೀಮೆಯೂ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಬೆಳ್ಳಿ ಮೂಡಿದ್ದನ್ನು ಕಂಡು ಏಳುತ್ತಿದ್ದ ಜನರಿಗೆ, ಅದೇ ಬೆಳ್ಳಿ ಹಾಡುಹಗಲಿನಲ್ಲಿ ಸೂರ್ಯನ ಮೇಲೆ ಕರಿಯ ಚುಕ್ಕಿಯಾಗಿ ಕಾಣುವ ಬಗೆಯನ್ನು ಕನ್ನಡದಲ್ಲಿಯೇ ವಿವರಿಸಬಹುದೆಂದು ಸುಮಾರು ನೂರೈವತ್ತು ವರ್ಷಗಳ ಹಿಂದೆ ಮದರಾಸಿನ ಒಬ್ಬ ವಿದ್ವಾಂಸರು ನಂಬಿದ್ದರು. ವಿಜ್ಞಾನಕ್ಕೆ ಕನ್ನಡ ಸಾಲದೆನ್ನುವವರಿಗೆ ಇದೊಂದು ಉತ್ತರ.

1956ರ ನವೆಂಬರ್ 1ರಂದು ಪ್ರಾಂತ್ಯಗಳು ಮರುವಿಂಗಡಣೆಯಾದವು. ಹೊಳೆಯಾಚೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಈಚೆಯ ನಾವು ಮದರಾಸಿನಲ್ಲಿಯೇ ಉಳಿದೆವು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾಯಿತು. 2006ರ ಕಾನೂನಿನಂತೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ತಮಿಳು ಕಲಿಯುವುದು ನಮಗೆ ಭಾರವಲ್ಲ. ಮೇಲೆ ಹೇಳಿದಂತೆ ನಮ್ಮ ಪದಗಳ ಅರ್ಧ ಚರಿತ್ರೆ ಆ ಭಾಷೆಯಲ್ಲಿದೆ. ಭಾರವಾಗಿರುವುದು ಇನ್ನೊಂದು. ನಮ್ಮ ಮಕ್ಕಳು ನಕ್ಷತ್ರವನ್ನು ಶಾಲೆಯಲ್ಲಿ 'ವಿಣ್ಮೀನ್' ಎಂದೂ ಮೊಬೈಲಿನಲ್ಲಿ 'ಸ್ಟಾರ್' ಎಂದೂ ಕಲಿಯುತ್ತಾರೆ. 'ಚುಕ್ಕಿ', 'ಬೆಳ್ಳಿ' ಎಂಬುವನ್ನು ಕಲಿಸಬೇಕಾದ ಮನೆಯಂಗಳ ಮೌನವಾಗಿದೆ. ಇದಕ್ಕೆ ಯಾವ ಸರಕಾರವನ್ನೂ ದೂರಿ ಪ್ರಯೋಜನವಿಲ್ಲ. ಅಂಗಳ ನಮ್ಮದು.

ಮದುವೆಯಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಪದ್ಧತಿ ನಮ್ಮಲ್ಲಿದೆ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದಲ್ಲಿರುವ ಆಕೆ ನಾಲ್ಕನೆಯ ದರ್ಜೆಯ ತಾರೆ. ವಸಿಷ್ಠನ ಬೆಳಕಿನ ಸುಮಾರು ಐದನೆಯ ಒಂದು ಪಾಲು ಮಾತ್ರ ಆಕೆಯದು. ಬಾನಿನಲ್ಲಿ ಅಷ್ಟು ಉಜ್ವಲ ತಾರೆಗಳಿರುವಾಗ ನಮ್ಮ ಹಿರಿಯರು ಬಾಳಿನ ಮಾದರಿಯಾಗಿ ಆರಿಸಿದ್ದು ಮಂದವಾದುದನ್ನು. ಅದನ್ನು ತೋರಿಸುವ ಕ್ರಮವೇ ಒಂದು ನ್ಯಾಯವಾಗಿದೆ: ಮೊದಲು ಪಕ್ಕದ ದೊಡ್ಡ ತಾರೆಯನ್ನು ತೋರಿಸಿ, ಅಲ್ಲಿಂದ ಕಣ್ಣನ್ನು ಮೆಲ್ಲನೆ ಚಿಕ್ಕದರತ್ತ ಒಯ್ಯುವುದು. ಹಗಲಿನ ಮದುವೆಗಳಲ್ಲಂತೂ ಪುರೋಹಿತರು ತಾರೆಯೇ ಕಾಣದ ಬಾನಿನತ್ತ ಬೆರಳು ಚಾಚುತ್ತಾರೆ; ನಾವೂ ನಗುತ್ತ ಕಂಡೆವೆನ್ನುತ್ತೇವೆ.

ಗಡಿನಾಡಿನ ಕನ್ನಡಕ್ಕೂ ಇದೇ ಕ್ರಮ ಸಲ್ಲುತ್ತದೆಂದು ನಾವು ಭಾವಿಸುತ್ತೇವೆ. ಮಗುವಿಗೆ ಗೊತ್ತಿರುವ ದೊಡ್ಡ ಮಾತಿನಿಂದಲೇ ಆರಂಭಿಸಬಹುದು: 'ವೆಳ್ಳಿ' ಎಂದು ಅದು ಹೇಳಿದಾಗ, ನಮ್ಮ ಬೆಳ್ಳಿಯೂ ಅದೇ ಎಂದು ತಿಳಿಸಬಹುದು, 'ವಿಣ್ಮೀನ್' ಎಂದಾಗ ಮಿನುಗನ್ನು ಪಕ್ಕದಲ್ಲಿಡಬಹುದು. ಈ ಸಮ್ಮೇಳನ ಮುಗಿದು ಊರಿಗೆ ಮರಳಿದ ಮೇಲೆ, ಮೋಡವಿಲ್ಲದ ಒಂದು ಇರುಳು ಮನೆಯ ದೀಪವಾರಿಸಿ ಮಕ್ಕಳೊಡನೆ ಅಂಗಳದಲ್ಲಿ ಕುಳಿತುಕೊಳ್ಳೋಣ. ಹೆಸರುಗಳನ್ನು ಒಂದೊಂದಾಗಿ ಹೇಳೋಣ. ಕಂಡವನ್ನು ತೋರಿಸಿ ಹೇಳೋಣ, ಕಾಣದ ರೋಹಿಣಿಯನ್ನು ನೆನಪಿನಿಂದ ಹೇಳೋಣ.