ರೈಸಿಂಗ್ ಫೋರ್ಸ್: ಪಿಟೀಲಿನ ಪಾಠ ಕಲಿತ ಎಲೆಕ್ಟ್ರಿಕ್ ಗಿಟಾರ್

ಸ್ವೀಡನ್ನಿನ ಗಿಟಾರ್ ವಾದಕ ಇಂಗ್ವೆ ಮಾಲ್ಮ್‌ಸ್ಟೀನ್ ತನ್ನ ಸ್ವಂತ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಮ್ ‘ರೈಸಿಂಗ್ ಫೋರ್ಸ್’. 1984ರಲ್ಲಿ ಪಾಲಿಡಾರ್ ಕಂಪನಿ ಇದನ್ನು ಬಿಡುಗಡೆ ಮಾಡಿತು. ಎಂಟು ರಚನೆಗಳು, ಒಟ್ಟು ಸುಮಾರು 40 ನಿಮಿಷ. ಎಂಟರಲ್ಲಿ ಆರಕ್ಕೆ ಹಾಡುಗಾರಿಕೆಯೇ ಇಲ್ಲ, ಬರೀ ವಾದ್ಯ. ಗಾಯಕನೇ ಮುಂದೆ ನಿಲ್ಲುವ ಹೆವಿ ಮೆಟಲ್‌ನಲ್ಲಿ ಗಿಟಾರನ್ನೇ ಗಾಯಕನ ಜಾಗದಲ್ಲಿ ಕೂರಿಸಿದ ಕೃತಿ ಇದು. ‘ನಿಯೋ ಕ್ಲಾಸಿಕಲ್ ಮೆಟಲ್’ ಎಂಬ ಪ್ರಕಾರದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದೂ ಇದೇ ಆಲ್ಬಮ್.

ಹೆಸರಿನ ಗೊಂದಲ

‘ನಿಯೋ ಕ್ಲಾಸಿಕಲ್’ ಎಂದರೆ ನವ ಶಾಸ್ತ್ರೀಯ. ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಈ ಹೆಸರು 1920ರ ದಶಕದ ಸ್ಟ್ರಾವಿನ್ಸ್ಕಿ ಮುಂತಾದವರ ರಚನೆಗಳಿಗೆ ಮೊದಲೇ ಅಂಟಿಕೊಂಡಿದೆ. ಮೆಟಲ್ ಲೋಕದಲ್ಲಿ ಅದರ ಅರ್ಥವೇ ಬೇರೆ. ಇಲ್ಲಿ ಮಾದರಿಯಾಗಿರುವುದು ಬಾಖ್ ಮತ್ತು ವಿವಾಲ್ಡಿ ಇದ್ದ ಬರೋಕ್ ಯುಗದ ಸಂಗೀತ. ಅದರ ಜೊತೆಗೆ 19ನೆಯ ಶತಮಾನದ ಇಟಲಿಯ ಪಿಟೀಲು ವಿದ್ವಾಂಸ ನಿಕೊಲೊ ಪಗನೀನಿಯ (1782–1840) ವಾದನ ಶೈಲಿ. ಬರೋಕ್ ಸಂಗೀತದ ಸ್ವರ ವಿನ್ಯಾಸ, ಪಗನೀನಿಯ ಕೈಚಳಕ, ಹೆವಿ ಮೆಟಲ್‌ನ ಡ್ರಮ್ಸ್ ಮತ್ತು ಕರ್ಕಶ ನಾದ ಮೂರೂ ಕೂಡಿದರೆ ಈ ಪ್ರಕಾರ ಸಿದ್ಧ.

ಮೊದಲು ದಾರಿ ಮಾಡಿದವರು

ಶಾಸ್ತ್ರೀಯ ಸಂಗೀತದ ಕಡೆ ಕಣ್ಣು ಹಾಯಿಸಿದ ಮೊದಲ ರಾಕ್ ಗಿಟಾರ್ ವಾದಕ ಮಾಲ್ಮ್‌ಸ್ಟೀನ್ ಅಲ್ಲ. ಡೀಪ್ ಪರ್ಪಲ್ ತಂಡ 1969ರಲ್ಲೇ ಆರ್ಕೆಸ್ಟ್ರಾ ಜೊತೆ ವೇದಿಕೆ ಹತ್ತಿತ್ತು. ಆ ತಂಡದ ರಿಚಿ ಬ್ಲ್ಯಾಕ್‌ಮೋರ್ 1972ರ ‘ಹೈವೇ ಸ್ಟಾರ್’ ಹಾಡಿನ ಸೋಲೊದಲ್ಲಿ ಬಾಖ್‌ನನ್ನು ನೆನಪಿಸುವ ಸ್ವರಸರಣಿ ತಂದಿದ್ದ. ಜರ್ಮನಿಯ ಸ್ಕಾರ್ಪಿಯನ್ಸ್ ತಂಡದಲ್ಲಿ ಊಲಿ ಯೋನ್ ರೋತ್ ಇದೇ ಹಾದಿಯಲ್ಲಿದ್ದ. ಗಾಯಕ ಓಜಿ ಆಸ್ಬೋರ್ನ್ ಜೊತೆ ನುಡಿಸುತ್ತಿದ್ದ ರ‍್ಯಾಂಡಿ ರೋಡ್ಸ್ ಈ ಮಿಶ್ರಣವನ್ನು ಇನ್ನಷ್ಟು ಬೆಳೆಸಿದ, ಆದರೆ 1982ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಇವರಿಗೆಲ್ಲ ಶಾಸ್ತ್ರೀಯ ಸಂಗೀತ ಅಡುಗೆಗೆ ಒಗ್ಗರಣೆಯಂತಿತ್ತು. ಮಾಲ್ಮ್‌ಸ್ಟೀನ್ ಅದನ್ನೇ ಅನ್ನ ಮಾಡಿದ.

ಸ್ಟಾಕ್‌ಹೋಮ್‌ನ ಹುಡುಗ

ಮಾಲ್ಮ್‌ಸ್ಟೀನ್ ಹುಟ್ಟಿದ್ದು 1963ರ ಜೂನ್ 30ರಂದು, ಸ್ಟಾಕ್‌ಹೋಮ್‌ನಲ್ಲಿ. 1970ರ ಸೆಪ್ಟೆಂಬರ್ 18ರಂದು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ. ಆ ಸಂದರ್ಭದಲ್ಲಿ ಟಿವಿಯಲ್ಲಿ ಬಂದ ಕಾರ್ಯಕ್ರಮದಲ್ಲಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚುವುದನ್ನು ಕಂಡ ಏಳು ವರ್ಷದ ಹುಡುಗ ಗಿಟಾರ್ ಕೈಗೆತ್ತಿಕೊಂಡ. ಕೆಲಕಾಲದ ಮೇಲೆ ಅಕ್ಕ ತಂದುಕೊಟ್ಟ ಡೀಪ್ ಪರ್ಪಲ್‌ನ ‘ಫೈರ್‌ಬಾಲ್’ ರೆಕಾರ್ಡು ಅವನನ್ನು ಬ್ಲ್ಯಾಕ್‌ಮೋರ್‌ನ ಭಕ್ತನನ್ನಾಗಿಸಿತು. ಬ್ಲ್ಯಾಕ್‌ಮೋರ್‌ನ ಬೆನ್ನು ಹಿಡಿದು ಬಾಖ್‌ವರೆಗೂ ಹೋದ. ಆಮೇಲೆ ಟಿವಿಯಲ್ಲಿ ಗಿಡಾನ್ ಕ್ರೆಮರ್ ಎಂಬ ಪಿಟೀಲು ವಾದಕ ಪಗನೀನಿಯ 24 ಕಪ್ರೀಚೊಗಳನ್ನು ನುಡಿಸಿದ್ದನ್ನು ನೋಡಿದ. ಒಂಟಿ ಪಿಟೀಲಿಗಾಗಿ ಬರೆದ ಈ ಕಿರುರಚನೆಗಳು ಇಂದಿಗೂ ಪಿಟೀಲು ವಾದಕರಿಗೆ ಅಗ್ನಿಪರೀಕ್ಷೆ. ಅವುಗಳ ಓಟವನ್ನು ಗಿಟಾರಿನಲ್ಲಿ ತರಬೇಕೆಂಬ ಹಟ ಹುಟ್ಟಿದ್ದು ಅಲ್ಲಿ.

ಅವನು ಕಳಿಸಿದ ಟೇಪು ಅಮೆರಿಕದ ಶ್ರಾಪ್ನೆಲ್ ರೆಕಾರ್ಡ್ಸ್‌ನ ಮಾಲೀಕ ಮೈಕ್ ವಾರ್ನಿಯ ಕೈ ಸೇರಿತು. ‘ಗಿಟಾರ್ ಪ್ಲೇಯರ್’ ಪತ್ರಿಕೆಯಲ್ಲಿ ಹೊಸ ವಾದಕರನ್ನು ಪರಿಚಯಿಸುವ ಅಂಕಣ ಬರೆಯುತ್ತಿದ್ದ ವಾರ್ನಿ ಅವನನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡ. 1983ರಲ್ಲಿ ಮಾಲ್ಮ್‌ಸ್ಟೀನ್ ಸ್ಟೀಲರ್ ತಂಡದ ಆಲ್ಬಮ್‌ನಲ್ಲಿ ನುಡಿಸಿದ. ಅದೇ ವರ್ಷ ಗ್ರಹಾಂ ಬಾನೆಟ್ ಹಾಡುತ್ತಿದ್ದ ಅಲ್ಕಟ್ರಾಜ್ ತಂಡ ಸೇರಿದ.

ಆಲ್ಬಮ್ ಆದ ಬಗೆ

‘ರೈಸಿಂಗ್ ಫೋರ್ಸ್’ ಮೊದಲಿಗೆ ಅಲ್ಕಟ್ರಾಜ್ ಕೆಲಸದ ಪಕ್ಕದಲ್ಲೇ ನಡೆಯುತ್ತಿದ್ದ ವಾದ್ಯಸಂಗೀತದ ಪ್ರಯತ್ನ. 1984ರಲ್ಲಿ ಅಲ್ಕಟ್ರಾಜ್ ಬಿಟ್ಟ ಮೇಲೆ ಅದೇ ಅವನ ಮುಖ್ಯ ದಾರಿಯಾಯಿತು. ತಂಡದಲ್ಲಿ ಅವನು ಬಿಟ್ಟ ಜಾಗಕ್ಕೆ ಬಂದವನು ಸ್ಟೀವ್ ವಾಯ್.

ಆಲ್ಬಮ್‌ಗೆ ದುಡಿದವರು ನಾಲ್ಕೇ ಜನ. ಗಿಟಾರ್ ಜೊತೆಗೆ ಬೇಸ್ ಗಿಟಾರನ್ನೂ ಮಾಲ್ಮ್‌ಸ್ಟೀನ್ ತಾನೇ ನುಡಿಸಿದ. ಕೀಬೋರ್ಡಿಗೆ ಸ್ವೀಡನ್ನಿನವನೇ ಆದ ಯೆನ್ಸ್ ಯೋಹಾನ್ಸನ್ ಬಂದ. ಡ್ರಮ್ಸ್‌ಗೆ ಕೂತವನು ಹಿಂದೆ ಜೆಥ್ರೊ ಟಲ್ ತಂಡದಲ್ಲಿದ್ದ ಬ್ಯಾರಿಮೋರ್ ಬಾರ್ಲೋ. ‘ನೌ ಯುವರ್ ಶಿಪ್ಸ್ ಆರ್ ಬರ್ನ್‌ಡ್’ ಮತ್ತು ‘ಆ್ಯಸ್ ಅಬೌವ್, ಸೋ ಬಿಲೋ’ ಎಂಬ ಎರಡು ಹಾಡುಗಳಿಗೆ ದನಿ ಕೊಟ್ಟವನು ಆಗಿನ್ನೂ ಹೆಸರು ಮಾಡಿರದ ಜೆಫ್ ಸ್ಕಾಟ್ ಸೋಟೊ.

ಮುಖ್ಯ ರಚನೆಗಳು

‘ಬ್ಲ್ಯಾಕ್ ಸ್ಟಾರ್’: ಆಲ್ಬಮ್ ಶುರುವಾಗುವುದೇ ವಿದ್ಯುತ್ತಿಲ್ಲದ ಗಿಟಾರಿನ ಮೆಲುದನಿಯಿಂದ. ಅದು ಮುಗಿದೊಡನೆ ಎಲೆಕ್ಟ್ರಿಕ್ ಗಿಟಾರ್ ನಿಧಾನವಾದ, ಹಾಡಬಹುದಾದ ರಾಗವೊಂದನ್ನು ಎತ್ತಿಕೊಳ್ಳುತ್ತದೆ. ಓಟ ಬರುವುದು ಆಮೇಲೆ.

‘ಫಾರ್ ಬಿಯಾಂಡ್ ದಿ ಸನ್’: ಇದೇ ಆಲ್ಬಮ್‌ನ ಹೆಸರಾಂತ ರಚನೆ. ಮಾಲ್ಮ್‌ಸ್ಟೀನ್‌ನ ಕಛೇರಿಗಳಲ್ಲಿ ದಶಕಗಳಿಂದ ಉಳಿದು ಬಂದಿದೆ. ಇಲ್ಲಿ ಗಿಟಾರ್ ಹೇಳಿದ್ದಕ್ಕೆ ಕೀಬೋರ್ಡ್ ಅಷ್ಟೇ ವೇಗದಲ್ಲಿ ಉತ್ತರ ಕೊಡುತ್ತದೆ. ನಮ್ಮ ಜುಗಲ್‌ಬಂದಿಯ ಸವಾಲ್–ಜವಾಬ್ ಕೇಳಿದವರಿಗೆ ಈ ಭಾಗ ತಟ್ಟನೆ ಹಿಡಿಸುತ್ತದೆ.

‘ಈವಿಲ್ ಐ’: ಬರೋಕ್ ಕಾಲದ ಜರ್ಮನ್ ರಚನೆಕಾರ ಯೋಹಾನ್ ಕ್ರೀಗರ್‌ನ ‘ಬೂರೇ’ ಎಂಬ ನೃತ್ಯಸಂಗೀತದ ತುಣುಕನ್ನು ಇಲ್ಲಿ ಬಳಸಿಕೊಳ್ಳಲಾಗಿದೆ.

‘ಇಕಾರಸ್ ಡ್ರೀಮ್ ಸೂಟ್, ಓಪಸ್ 4’: ಎಂಟೂವರೆ ನಿಮಿಷದ ಈ ರಚನೆಯೇ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ, ಮೇಣ ಕರಗಿ ಕಡಲಿಗೆ ಬಿದ್ದ ಗ್ರೀಕ್ ಕಥೆಯ ಇಕಾರಸ್‌ನ ಹೆಸರು ಇದಕ್ಕಿದೆ. ಇದರ ಆರಂಭದ ರಾಗ ‘ಆಲ್ಬಿನೋನಿಯ ಅಡಾಜಿಯೊ’ ಎಂದೇ ಪ್ರಸಿದ್ಧವಾದ ರಚನೆಯದು. ಇಲ್ಲೊಂದು ಸ್ವಾರಸ್ಯವಿದೆ. ಆ ಅಡಾಜಿಯೊವನ್ನು 1958ರಲ್ಲಿ ಪ್ರಕಟಿಸಿದವರು ರೆಮೊ ಜಾಟ್ಸೊಟ್ಟೊ ಎಂಬ ಇಟಲಿಯ ಸಂಗೀತ ಸಂಶೋಧಕರು. ಬರೋಕ್ ಕಾಲದ ರಚನೆಕಾರ ಆಲ್ಬಿನೋನಿಯ ಹಸ್ತಪ್ರತಿಯ ತುಣುಕೊಂದನ್ನು ಬೆಳೆಸಿದ್ದಾಗಿ ಅವರು ಹೇಳಿದ್ದರು. ಅದು ಬಹುಮಟ್ಟಿಗೆ ಅವರ ಸ್ವಂತ ರಚನೆಯೇ ಎಂಬುದು ಈಗ ಸಾಮಾನ್ಯ ಅಭಿಪ್ರಾಯ. ಹಾಗಾಗಿ ಆಲ್ಬಮ್‌ನಲ್ಲಿ ಅತ್ಯಂತ ಪುರಾತನವೆಂದು ಕೇಳಿಸುವ ರಾಗ ಮಾಲ್ಮ್‌ಸ್ಟೀನ್‌ಗಿಂತ ಐದೇ ವರ್ಷ ಹಿರಿಯದು!

ಕೊನೆಯ ‘ಫೇರ್‌ವೆಲ್’ ಒಂದು ನಿಮಿಷವೂ ಇಲ್ಲ. ಮಂಗಳ ಹಾಡಿದ ಹಾಗೆ ಬಂದು ಮುಗಿಯುತ್ತದೆ.

ಕೀರವಾಣಿಯ ನೆಂಟಸ್ತನ

ಈ ಸಂಗೀತದ ಬೆನ್ನೆಲುಬು ‘ಹಾರ್ಮೋನಿಕ್ ಮೈನರ್’ ಎಂಬ ಸ್ವರಶ್ರೇಣಿ. ಹೆಸರು ಹೊಸದೆನಿಸಿದರೂ ಸ್ವರಗಳು ನಮಗೆ ಹಳೆಯವೇ. ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ: ಕರ್ನಾಟಕ ಸಂಗೀತದ 21ನೆಯ ಮೇಳಕರ್ತ ಕೀರವಾಣಿಯ ಸ್ವರಸ್ಥಾನಗಳಿವು. ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಒಂದೇ ನೆಗೆತದಲ್ಲಿ ಮೂರು ಅರ್ಧಸ್ವರ ದಾಟಬೇಕು. ಕರುಣೆ ಮತ್ತು ಬಿಗುವು ಎರಡೂ ಸೇರಿದ ಆ ಬಣ್ಣ ಬರುವುದು ಈ ನೆಗೆತದಿಂದ.

ಇದೇ ಸ್ವರಗಳಲ್ಲಿ ಪಂಚಮವನ್ನು ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿದರೆ ವಕುಳಾಭರಣ ಸಿಗುತ್ತದೆ. ಮಾಲ್ಮ್‌ಸ್ಟೀನ್ ಪದೇ ಪದೇ ಹೋಗುವ ಇನ್ನೊಂದು ಶ್ರೇಣಿ ಇದು; ಪಾಶ್ಚಾತ್ಯರಲ್ಲಿ ಇದರ ಹೆಸರು ‘ಫ್ರಿಜಿಯನ್ ಡಾಮಿನೆಂಟ್’. ಕೀರವಾಣಿಯ ನಿ, ರಿ, ಮ, ದ ಸ್ವರಗಳನ್ನಷ್ಟೇ ಆರಿಸಿಕೊಂಡರೆ ಒಂದೊಂದರ ನಡುವೆಯೂ ಮೂರೇ ಅರ್ಧಸ್ವರದ ಸಮಾನ ಅಂತರ. ‘ಡಿಮಿನಿಶ್ಡ್’ ಎಂದು ಕರೆಯುವ ಈ ಗುಂಪನ್ನು ಗಿಟಾರಿನಲ್ಲಿ ಮೂರು ಫ್ರೆಟ್ (ಮೆಟ್ಟಿಲು) ಮೇಲೆ ಸರಿಸಿದರೂ ಅದೇ ನಾಲ್ಕು ಸ್ವರಗಳು ಮರಳಿ ಬರುತ್ತವೆ. ಬೆರಳಿನ ಆಕಾರ ಬದಲಾಗದೆ ಸಂಗೀತ ಮಾತ್ರ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ.

ಸಾಮ್ಯ ಇರುವುದು ಸ್ವರಸ್ಥಾನಗಳಲ್ಲಿ ಮಾತ್ರ. ಕೀರವಾಣಿಯ ಗಮಕ, ಸಂಚಾರ, ರಾಗಭಾವ ಇಲ್ಲಿಲ್ಲ. ಇಲ್ಲಿ ಸ್ವರಗಳ ಕೆಳಗೆ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳ ಚಲನೆಯಿದೆ, ಅದು ನಮ್ಮಲ್ಲಿಲ್ಲ.

ಕೈ ಮತ್ತು ವಾದ್ಯ

ಪಿಟೀಲಿನಲ್ಲಿ ಕಮಾನನ್ನು ಒಮ್ಮೆ ಎಳೆದರೆ ಹಲವು ತಂತಿಗಳ ಮೇಲೆ ಹಾಯುತ್ತದೆ. ಗಿಟಾರಿನಲ್ಲಿ ಅದೇ ಪರಿಣಾಮಕ್ಕೆ ಮಾಲ್ಮ್‌ಸ್ಟೀನ್ ಬಳಸುವುದು ‘ಸ್ವೀಪ್ ಪಿಕಿಂಗ್’. ಪ್ರತಿ ತಂತಿಗೂ ಬೇರೆ ಮೀಟು ಹಾಕದೆ, ತಂತಿ ಮೀಟುವ ಪಿಕ್ಕನ್ನು ಒಂದೇ ಗುಡಿಸುವ ಚಲನೆಯಲ್ಲಿ ತಂತಿಯಿಂದ ತಂತಿಗೆ ಜಾರಿಸಬೇಕು. ಎಡಗೈಯ ಬೆರಳು ಸ್ವರ ಹುಟ್ಟಿದ ತಕ್ಷಣ ಒತ್ತು ಸಡಿಲಿಸಬೇಕು. ಸಡಿಲಿಸುವುದು ಕೊಂಚ ತಡವಾದರೂ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಈ ಆಲ್ಬಮ್‌ನಲ್ಲಿ ಅತಿವೇಗದ ಓಟದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುವುದೇ ವಿಶೇಷ.

ವಾದ್ಯ ಫೆಂಡರ್ ಸ್ಟ್ರಾಟೊಕ್ಯಾಸ್ಟರ್, ಆದರೆ ಅಂಗಡಿಯಿಂದ ತಂದ ಹಾಗೇ ಅಲ್ಲ. ಹದಿಹರೆಯದಲ್ಲಿ ವಾದ್ಯ ತಯಾರಿಸುವವರ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಮಾಲ್ಮ್‌ಸ್ಟೀನ್ 17ನೆಯ ಶತಮಾನದ ಲ್ಯೂಟ್ ಎಂಬ ತಂತಿವಾದ್ಯವೊಂದನ್ನು ಕಂಡ. ಅದರ ಕತ್ತಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ್ದರು. ತನ್ನ ಗಿಟಾರಿಗೂ ಹಾಗೇ ಮಾಡಿಕೊಂಡ. ಇಂಥ ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗುವುದಿಲ್ಲ, ತಂತಿಯನ್ನಷ್ಟೇ ಹಿಡಿಯುತ್ತದೆ. ವೀಣೆಯಲ್ಲಿ ಮೇಣದ ಮೇಲೆ ಎತ್ತರವಾಗಿ ಕೂರಿಸಿದ ಮೆಟ್ಟಿಲುಗಳಿಂದ ಸಿಗುವ ಅನುಕೂಲವೇ ಇಲ್ಲೂ ಸಿಗುತ್ತದೆ: ತಂತಿಯನ್ನು ಎಳೆಯುವುದು, ಅಲುಗಿಸುವುದು ಸಲೀಸು. ಅಪಾಯವೂ ಇದೆ. ಒತ್ತು ಸ್ವಲ್ಪ ಹೆಚ್ಚಾದರೆ ಶ್ರುತಿ ಏರಿಬಿಡುತ್ತದೆ. ಶಕ್ತಿ ತಂಡದ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲೇ ಇಂಥ ತಗ್ಗು ಮಾಡಿದ ಗಿಟಾರನ್ನು ಕರ್ನಾಟಕ ಸಂಗೀತದ ಕಲಾವಿದರ ಜೊತೆ ನುಡಿಸಿದ್ದ.

ಸ್ವಾಗತ ಮತ್ತು ಟೀಕೆ

ಬಹುಪಾಲು ಹಾಡಿಲ್ಲದ ಮೆಟಲ್ ಆಲ್ಬಮ್ಮಿಗೆ ಸಿಕ್ಕ ಸ್ವಾಗತ ದೊಡ್ಡದು. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 60ನೆಯ ಸ್ಥಾನದವರೆಗೆ ಏರಿತು. ರಾಕ್ ವಾದ್ಯಸಂಗೀತ ವಿಭಾಗದಲ್ಲಿ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಎರಡು ಮೂರು ವರ್ಷಗಳಲ್ಲೇ ಟೋನಿ ಮೆಕಾಲ್‌ಪೈನ್, ವಿನಿ ಮೂರ್, ಜೇಸನ್ ಬೆಕರ್, ಮಾರ್ಟಿ ಫ್ರೀಡ್‌ಮನ್ ಇದೇ ಬಗೆಯ ಆಲ್ಬಮ್‌ಗಳೊಡನೆ ಬಂದರು. ಮುಂದೆ ಯೂರೋಪಿನ ಪವರ್ ಮೆಟಲ್ ತಂಡಗಳು ಈ ಶೈಲಿಯನ್ನು ಹಾಡುಗಳಿಗೆ ಒಗ್ಗಿಸಿಕೊಂಡವು. ಕೀಬೋರ್ಡಿನ ಯೋಹಾನ್ಸನ್ ಅಂಥದ್ದೇ ತಂಡವಾದ ಸ್ಟ್ರಾಟೊವಾರಿಯಸ್ ಸೇರಿದ.

ಟೀಕೆಯೂ ಅಂದಿನಿಂದಲೇ ಇದೆ: ಬರೀ ವೇಗ, ಭಾವವಿಲ್ಲ, ಸರ್ಕಸ್ಸು. ಮಾಲ್ಮ್‌ಸ್ಟೀನ್ ನಂತರದ ಹಲವು ಆಲ್ಬಮ್‌ಗಳಲ್ಲಿ ಇದೇ ಸ್ವರಗುಚ್ಛಗಳನ್ನು ತಿರುಗಿಸಿ ತಿರುಗಿಸಿ ನುಡಿಸಿದ್ದು ಟೀಕಾಕಾರರಿಗೆ ಬಲ ಕೊಟ್ಟಿತು. ಅನುಕರಣೆ ಮಾಡಿದವರಲ್ಲಿ ಎಷ್ಟೋ ಜನ ಓಟವನ್ನಷ್ಟೇ ಕಲಿತರು, ನಿಲ್ಲುವುದನ್ನು ಕಲಿಯಲಿಲ್ಲ.

ಆಮೇಲಿನ ಹಾದಿ

‘ಮಾರ್ಚಿಂಗ್ ಔಟ್’ (1985), ‘ಟ್ರಿಲಜಿ’ (1986) ಬೆನ್ನಿಗೇ ಬಂದವು. 1987ರ ಜೂನ್‌ನಲ್ಲಿ ಕಾರು ಅಪಘಾತವಾಗಿ ಮಾಲ್ಮ್‌ಸ್ಟೀನ್ ಸುಮಾರು ಒಂದು ವಾರ ಪ್ರಜ್ಞೆಯಿಲ್ಲದೆ ಮಲಗಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ನರಗಳಿಗೆ ಪೆಟ್ಟಾಗಿತ್ತು. ಚೇತರಿಸಿಕೊಂಡು 1988ರಲ್ಲಿ ತಂದ ‘ಒಡಿಸ್ಸಿ’ ಬಿಲ್‌ಬೋರ್ಡ್‌ನಲ್ಲಿ 40ನೆಯ ಸ್ಥಾನ ಮುಟ್ಟಿತು. ಅದೇ ವರ್ಷ ಫೆಂಡರ್ ಕಂಪನಿ ಅವನ ಹೆಸರಿನ ಸ್ಟ್ರಾಟೊಕ್ಯಾಸ್ಟರ್ ಮಾರುಕಟ್ಟೆಗೆ ಬಿಟ್ಟಿತು. 1998ರಲ್ಲಿ, ಚೆಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ಪ್ರಾಗ್‌ನಲ್ಲಿ ಧ್ವನಿಮುದ್ರಿಸಿದ ಎಲೆಕ್ಟ್ರಿಕ್ ಗಿಟಾರ್ ಕನ್ಚೆರ್ಟೊ ಬಂತು.

ಹೊಸದಾಗಿ ಕೇಳುವವರಿಗೆ

ಮೆಟಲ್ ಅಭ್ಯಾಸವಿಲ್ಲದವರು ‘ಬ್ಲ್ಯಾಕ್ ಸ್ಟಾರ್’ನಿಂದ ಶುರುಮಾಡುವುದು ಒಳ್ಳೆಯದು. ಮೊದಲ ಸಲ ವೇಗವನ್ನು ಲೆಕ್ಕಿಸಬೇಡಿ. ನಿಧಾನದ ರಾಗ ಎಲ್ಲಿ ನಿಲ್ಲುತ್ತದೆ, ಧೈವತದಿಂದ ನಿಷಾದಕ್ಕೆ ಎಲ್ಲಿ ನೆಗೆಯುತ್ತದೆ ಎಂಬುದನ್ನಷ್ಟೇ ಗಮನಿಸಿ. ಕೀರವಾಣಿ ಕೇಳಿದ ಕಿವಿಗೆ ಅದು ಗುರುತು ಸಿಗದೆ ಇರದು. ಆ ಗುರುತು ಹಿಡಿದುಕೊಂಡು ‘ಫಾರ್ ಬಿಯಾಂಡ್ ದಿ ಸನ್’ಗೆ ಹೋದರೆ ಆ ಓಟವೂ ಗದ್ದಲವೆನಿಸುವುದಿಲ್ಲ.