ಕೋಟೆ ಬರಿದಾದರೂ ಬೆಲ್ಲ ಉಳಿಯಿತು

ಕೋಟೆಯೊಳಗೆ 4,163 ಮನೆ, ಶಹರ್ ಗಂಜಾಮಿನಲ್ಲಿ 2,216. ಮನೆಗೆ ಐವರಂತೆ ಹಿಡಿದು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಜನಸಂಖ್ಯೆಯನ್ನು 31,895 ಎಂದು ಬರೆದುಕೊಂಡ. ಟಿಪ್ಪುವಿನ ಕಾಲದಲ್ಲಿ ಇದೇ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂಬುದು ಅವನ ಅಂದಾಜು. ಸುಲ್ತಾನ ಸತ್ತು ಆಗಿನ್ನೂ ವರ್ಷವಾಗಿತ್ತು, ಅಷ್ಟೆ.

ಬುಕಾನನ್ ಸ್ಕಾಟ್ಲೆಂಡಿನವನು, ಕಂಪನಿಯ ವೈದ್ಯ. ಮನಸ್ಸೆಲ್ಲ ಗಿಡಮರಗಳ ಮೇಲೆ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಏನು ಕಸುಬು ಮಾಡುತ್ತಾರೆ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ ಎಲ್ಲೆಲ್ಲಿ ಸಿಗುತ್ತವೆ ಎಂದು ವಿಚಾರಿಸಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಅಟ್ಟಿದ್ದ. ಏಪ್ರಿಲ್ 23ರಂದು ಮದ್ರಾಸು ಬಿಟ್ಟವನು ಮೇ ತಿಂಗಳಲ್ಲಿ ಇಲ್ಲಿದ್ದ. ದಾರಿಯ ಚನ್ನಪಟ್ಟಣದಲ್ಲಿ ಗಾಜಿನ ಬಳೆ, ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ ಮಾಡುವವರನ್ನು ಕಂಡಿದ್ದ. ಬಿಳಿ ಸಕ್ಕರೆ ಮಾಡುವ ಗುಟ್ಟು ಅಲ್ಲಿ ಒಂದೇ ಮನೆತನದ ಕೈಯಲ್ಲಿತ್ತು.

ಪಟ್ಟಣ ಅವನಿಗೆ ಹಿಡಿಸಲಿಲ್ಲ. ಬೀದಿಗಳು ಇಕ್ಕಟ್ಟು, ಅಡ್ಡಾದಿಡ್ಡಿ. ಹೆಚ್ಚಿನ ಮನೆಗಳು ಹೀನಾಯ. ಸರದಾರರ ದೊಡ್ಡ ಮನೆಗಳು ಕೂಡ ಐರೋಪ್ಯರಿಗೆ ಸೆಕೆ ಎಂದು ಗೊಣಗಿದ್ದಾನೆ. ಗೆದ್ದವರ ಕಡೆಯವನ ಮಾತು ಇದು, ಅಷ್ಟು ವಜಾ ಮಾಡಿಕೊಂಡೇ ಓದಬೇಕು. ಸಿರಾದಿಂದ ಕುಟುಂಬಗಳನ್ನು ಎಬ್ಬಿಸಿ ತಂದು ಟಿಪ್ಪು ತುಂಬಿಸಿದ್ದ ಗಂಜಾಂ, ದಂಡು ಮತ್ತು ದರ್ಬಾರನ್ನು ನಂಬಿ ಬದುಕಿದ ಪೇಟೆ. ದರ್ಬಾರು ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಇಂಗ್ಲಿಷರ ದಂಡು 1809ರಲ್ಲಿ ಬೆಂಗಳೂರಿಗೆ ಹೊರಟಿತು. ಕೊಳ್ಳುವವರೇ ಇಲ್ಲದ ಮೇಲೆ ಅಂಗಡಿ ಯಾರಿಗೆ?

ಆದರೆ ಇದೇ ಬುಕಾನನ್ ಗದ್ದೆಗೆ ಇಳಿದರೆ ಬೇರೆಯೇ ಮನುಷ್ಯ. ರೈತರನ್ನು ಕೂರಿಸಿಕೊಂಡು ಬಿಡದೆ ಕೇಳುತ್ತಾನೆ. ಭತ್ತದಲ್ಲಿ ಬರ ಬಿತ್ತನೆ, ಮೊಳೆ ಬಿತ್ತನೆ, ನಾಟಿ ಎಂದು ಮೂರು ಬಗೆ. ಹೈನು, ಕಾರು ಎಂದು ಎರಡು ಹಂಗಾಮು. ಕಬ್ಬಿನಲ್ಲಿ ರಸದಾಳಿ ಈ ಸೀಮೆಯದೇ. ಪಟ್ಟಾಪಟ್ಟಿ ಹೈದರನ ಕಾಲದಲ್ಲಿ ಆರ್ಕಾಟಿನಿಂದ ಬಂದದ್ದು, ಒಳ್ಳೆಯ ಬೆಲ್ಲಕ್ಕೆ ಅದೇ ಸರಿ. ಇವೆಲ್ಲ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳ ಪ್ರವಾಸಕಥನದಲ್ಲಿವೆ. ಅರಮನೆಯ ವರ್ಣನೆಗಾಗಿ ಆ ಪುಸ್ತಕ ತೆಗೆದವರಿಗೆ ನಿರಾಸೆಯಾದೀತು. ಅದರ ತಿರುಳೆಲ್ಲ ಈ ಗದ್ದೆ ಬಯಲಿನ ವಿಚಾರಣೆಯಲ್ಲೇ ಇದೆ.

ಯಾಕೆಂದರೆ ಪಟ್ಟಣದ ವ್ಯಾಪಾರದ ಬೇರು ಇದ್ದದ್ದು ನಾಲೆಗಳಲ್ಲಿ. ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ ನೀರು ತಿರುಗಿಸುವ ಕೆಲಸ ಸುಲ್ತಾನರಿಗಿಂತ ಹಳೆಯದು. ಉತ್ತರ ದಡದ ದೊಡ್ಡ ನಾಲೆಗೆ 1704ರಲ್ಲಿ ತೀರಿಕೊಂಡ ಚಿಕ್ಕದೇವರಾಜ ಒಡೆಯರ ಹೆಸರೇ ಇದೆ. ದೊರೆಗಳು ಬದಲಾದರೂ ನಾಲೆ ಹರಿಯುತ್ತಿತ್ತು, ಕಬ್ಬು ಬೆಳೆಯುತ್ತಿತ್ತು. ಬೆಲ್ಲಕ್ಕೆ ದರ್ಬಾರಿನ ಹಂಗೂ ಬೇಕಿರಲಿಲ್ಲ.

ಅದಕ್ಕೆ ಪಾಲಹಳ್ಳಿಯೇ ಸಾಕ್ಷಿ. ಶ್ರೀರಂಗಪಟ್ಟಣದ ಮಗ್ಗುಲಿನ ಈ ಊರಿನಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆಯಿತು. ಅಲ್ಲಿಗೆ ಬರುತ್ತಿದ್ದದ್ದು ಕಬ್ಬಲ್ಲ, ರೈತರು ತಮ್ಮ ಆಲೆಮನೆಗಳಲ್ಲಿ ಕಾಯಿಸಿ ತಂದ ಬೆಲ್ಲ. ಅದನ್ನೇ ಶುದ್ಧಿ ಮಾಡಿ ತೆಗೆದ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಸಿಕ್ಕಿತು. ರಾಜಧಾನಿ ಎಂಬ ಪಟ್ಟ ಹೋಗಿ ಅರ್ಧ ಶತಮಾನ ಕಳೆದಿತ್ತು. ಪಟ್ಟಣದ ಹೆಸರನ್ನೂ ಮೀರಿ ಹಳ್ಳಿಯ ಬೆಲ್ಲ ಕಡಲು ದಾಟಿತ್ತು.

ಆ ಕಾರ್ಖಾನೆಯೂ ಮುಚ್ಚಿತು. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗಿ ಎರಡು ದಶಕಗಳ ಮೇಲೆ ಮುಗಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಹೈದರ್, ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಗಿದ್ದ ಹಿರೋಡೆ ಮುಂದೆ ಪಾಂಡವಪುರವಾಯಿತು, ಅಲ್ಲೂ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು.

ಕಬ್ಬು ಹೆಚ್ಚಿದಂತೆ ಅದರ ಬೆಲೆಯ ಜಗಳವೂ ಹೆಚ್ಚಿತು. ಅದಕ್ಕೆ ದನಿಯಾದವರಲ್ಲಿ ಮುಖ್ಯರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ. ರೈತಸಂಘದ ಹಸಿರು ಶಾಲು ಹೊದ್ದೇ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದು ವಿಧಾನಸಭೆಗೆ ಹೋದವರು. ಬುಕಾನನ್ನನ ಮುಂದೆ ಕೂತು ಬೆಳೆಯ ಲೆಕ್ಕ ಒಪ್ಪಿಸಿದ ರೈತರ ಹೆಸರು ಅವನ ಪುಸ್ತಕದಲ್ಲಿ ಹುಡುಕುವುದು ಕಷ್ಟ. ಈಗ ಲೆಕ್ಕ ಕೇಳುವ ಸರದಿ ರೈತರದಾಗಿತ್ತು. 2018ರ ಫೆಬ್ರವರಿಯಲ್ಲಿ ಪುಟ್ಟಣ್ಣಯ್ಯ ತೀರಿಕೊಂಡಾಗ ಪಾಂಡವಪುರದ ಕಾರ್ಖಾನೆ ಇನ್ನೂ ಕುಂಟುತ್ತಲೇ ಇತ್ತು. 2020ರಲ್ಲಿ ಅದನ್ನು 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಅರೆದ ಕಬ್ಬಿಗೆ ಕಾರ್ಖಾನೆಯಿಂದ ದುಡ್ಡು ಬರುವವರೆಗೆ ಕಾಯಲಾರದವರು ಇವತ್ತಿಗೂ ಗಾಡಿಯನ್ನು ಆಲೆಮನೆಯ ಕಡೆ ತಿರುಗಿಸುತ್ತಾರೆ.