ನೀರಿನ ಗೆರೆ

ಸಾತನೂರಿನಲ್ಲಿ ಯಾರು ಮನೆಗೆ ಪಾಯ ತೆಗೆದರೂ ನಮ್ಮಜ್ಜಿ ಒಂದೇ ಮಾತು ಕೇಳುತ್ತಿದ್ದಳು: "ಮಳೇಲಿ ನೀರು ಎಲ್ಲೀಗಂಟ ಬತ್ತದೆ?" ನಕ್ಷೆ ನೋಡದ ಅಜ್ಜಿಗೆ ಅದೇ ಕಾಯಿದೆ.

ಮೊನ್ನೆ ಬೆಂಗಳೂರಿನಲ್ಲಿ ನಿವೇಶನ ನೋಡಲು ಹೋದಾಗ ಕೇಳಿದ್ದು ಬರೀ ಮೀಟರಿನ ಲೆಕ್ಕ. 2007ರಲ್ಲಿ ಒಪ್ಪಿಗೆಯಾದ ನಗರದ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಯಂತೆ 50, 25, 15 ಮೀಟರ್ ಜಾಗ ಬಿಡಿಸಿತ್ತು. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಗೆರೆಯನ್ನು 75 ಮೀಟರಿಗೆ ಸರಿಸಿತು; ಕಾಲುವೆಗಳಿಗೆ 50, 35, 25 ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಾನೂನಿನಂತೆ ಆದ ಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಗೆರೆ ಮತ್ತೆ ಹಳೆಯ ಜಾಗಕ್ಕೇ ಬಂತು.

ತೀರ್ಪು ಸರಿಯೇ ಇರಬಹುದು. ಆದರೆ ನೀರು ತೀರ್ಪು ಓದುವುದಿಲ್ಲವಲ್ಲ! 2022ರ ಆಗಸ್ಟ್ ಕೊನೆಗೆ ರಾಮನಗರದ ಬಳಿ ಮೈಸೂರು ಹೆದ್ದಾರಿಯೇ ಮುಳುಗಿತು. ಮರುವಾರ ಬೆಂಗಳೂರಿನ ಶ್ರೀಮಂತ ಬಡಾವಣೆಗಳ ಜನ ಟ್ರ್ಯಾಕ್ಟರು, ದೋಣಿ ಹತ್ತಿ ಹೊರಬಂದರು.

ಇದು ಅವರೂರಿನ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಎಷ್ಟೋ ಕಾಲುವೆಗಳ ನೀರು ವೃಷಭಾವತಿಯಾಗಿ ಅರ್ಕಾವತಿಗೆ ಬಿದ್ದು, ನಮ್ಮ ಕನಕಪುರ ತಾಲ್ಲೂಕು ಹಾದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿ ಹಿಡಿದ ಜಾಗದ ಲೆಕ್ಕ ಕೆಳಗಿನವರಿಗೂ ತಟ್ಟುತ್ತದೆ.

ನಾವು ನೋಡಿದ ನಿವೇಶನದ ಕಾಗದಗಳೆಲ್ಲ ಸರಿಯಾಗಿದ್ದವು. ಆದರೂ ಪಕ್ಕದ ಹಳೆಯ ಮನೆಯಾಕೆಯನ್ನು ಅಜ್ಜಿಯ ಮಾತು ಕೇಳಿದೆ. ಆಕೆ ಏನೂ ಹೇಳದೆ ಗೋಡೆಯ ಮೇಲೆ ಮೊಣಕಾಲೆತ್ತರದ ಕಲೆ ತೋರಿಸಿದರು.

ಮುಂಗಡ ಕೊಡದೆ ವಾಪಸು ಬಂದೆವು.